ಚಿತ್ರಕ್ಕೆ ನುಸುಳುವ ಕರಕರ

ಮಕ್ಕಳೇ, ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೇ ರೇಡಿಯೊ ಉಳಿದಿದೆಯೆ? ಪಕ್ಕದ ಗುಂಡಿ ತಿರುಗಿಸಿದರೆ ಕೆಂಪು ಮುಳ್ಳು ಸರಿಯುವ, ಮೀಡಿಯಂ ವೇವ್ ಹಿಡಿಯುವ ರೇಡಿಯೊ. ಇದ್ದರೆ ಆನೆ ಓಡಾಟವಿಲ್ಲದ ಒಂದು ಹಗಲು, ಮನೆಯ ದೊಡ್ಡವರನ್ನು ಜೊತೆಗೆ ಕರೆದುಕೊಂಡು, ತೋಟದ ಸೋಲಾರ್ ಬೇಲಿಯಿಂದ ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ಅದನ್ನು ಹಾಕಿ. ಬೇಲಿ ಮುಟ್ಟುವುದು ಮಾತ್ರ ಬೇಡ. ಯಾವ ನಿಲಯವೂ ಸಿಗದ ಜಾಗಕ್ಕೆ ಮುಳ್ಳನ್ನು ತಂದು ನಿಲ್ಲಿಸಿ ಕಿವಿಗೊಡಿ. ಟಕ್... ಟಕ್... ಟಕ್... ಸುಮಾರು ಸೆಕೆಂಡಿಗೊಂದು ಸದ್ದು ಕೇಳಿಸುತ್ತದೆ.

ಆಲೂರು, ಸಕಲೇಶಪುರದ ಕಡೆಯ ಮಕ್ಕಳಿಗೆ ಸೋಲಾರ್ ಬೇಲಿ ಎಂದರೇನು ಎಂದು ನಾನು ಹೇಳಬೇಕಾಗಿಲ್ಲ. ಆನೆ ದಾಟುವ ಕಡೆ ಕಟ್ಟಿದ ಆ ತಂತಿಗೆ ಬ್ಯಾಟರಿಗೆ ಜೋಡಿಸಿದ ಪೆಟ್ಟಿಗೆಯೊಂದು ಬಿಟ್ಟು ಬಿಟ್ಟು ವಿದ್ಯುತ್ತಿನ ಹೊಡೆತ ಕಳಿಸುತ್ತಿರುತ್ತದೆ. ಹೊಡೆತ ಸಾವಿರಾರು ವೋಲ್ಟಿನದು, ಆದರೆ ಇರುವುದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು. ಮಳೆಗಾಲದಲ್ಲಿ ಲಂಟಾನದ ಕೊಂಬೆಯೋ ಯಾವುದೋ ಹಂಬೋ ಬೆಳೆದು ತಂತಿಗೆ ತಾಗಿದರೆ ಪ್ರತಿ ಹೊಡೆತಕ್ಕೂ ಅಲ್ಲಿ ಕಿಡಿ ಹಾರುತ್ತದೆ. ಕಿಡಿ ಎಲ್ಲಿ ಹಾರಿದರೂ ಅಲ್ಲಿ ರೇಡಿಯೊ ಅಲೆ ಹುಟ್ಟುತ್ತದೆ. ರೇಡಿಯೊ ಹಿಡಿದುಕೊಂಡು ಬೇಲಿಯ ಉದ್ದಕ್ಕೆ ನಡೆದರೆ ಸದ್ದು ಜೋರಾಗುವ ಕಡೆಯೇ ಕೊಂಬೆ ತಾಗಿರುವ ಜಾಗ. ಬೇಲಿಯ ದೋಷ ಹೀಗೆ ಹುಡುಕುವವರು ನಿಜವಾಗಿಯೂ ಇದ್ದಾರೆ. ಹೂಮಳೆಯ ದಿನಗಳಲ್ಲಿ ಜೇನುಕಲ್ಲು ಗುಡ್ಡದ ಆಚೆ ಮಿಂಚಿದಾಗ ರೇಡಿಯೊ ಕರ್‍ರ್ ಎನ್ನುವುದೂ ಇದೇ ಕಾರಣಕ್ಕೆ. ಮಿಂಚು ಬಹಳ ದೊಡ್ಡ ಕಿಡಿ.

ಅದೇ ರೇಡಿಯೊದಲ್ಲಿ ಇನ್ನೂ ಎರಡು ಬಗೆಯ ಗದ್ದಲ ಇದೆ. ರಾತ್ರಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಹುಡುಕುತ್ತಾ ಹೋದರೆ ಎಲ್ಲೋ ದೂರದ, ಅರ್ಥವಾಗದ ಭಾಷೆಯ ನಿಲಯವೊಂದು ಮಧ್ಯೆ ಬಂದು ಕೂರಬಹುದು. ಅದು ಇನ್ನೊಬ್ಬರ ಮಾತು. ಇನ್ನು ಎಫ್‌ಎಂನಲ್ಲಿ ಹಾಸನ ಆಕಾಶವಾಣಿಯ 102.2 ಮೆಗಾಹರ್ಟ್ಸ್ ಹಾಕಿಕೊಂಡು ಆಲೂರಿನಿಂದ ಹೊರಟು, ಸಕಲೇಶಪುರ ದಾಟಿ, ಬಿಸಿಲೆಯ ಕಡೆಗೆ ಇಳಿಯಿರಿ. ಗುಡ್ಡ ಅಡ್ಡ ಬಂದ ಹಾಗೆಲ್ಲ ಮಾತು ಕ್ಷೀಣಿಸಿ ಶ್... ಎನ್ನುವ ಸದ್ದು ಮೇಲೇಳುತ್ತದೆ. ಈ ಶ್ ಹೊಸದಾಗಿ ಬಂದದ್ದಲ್ಲ. ಆಲೂರಿನಲ್ಲೂ ಇತ್ತು, ಮಾತು ಜೋರಾಗಿದ್ದುದರಿಂದ ನಮಗೆ ಕೇಳಿಸಲಿಲ್ಲ.

ಟಕ್, ಇನ್ನೊಬ್ಬರ ಮಾತು, ಶ್. ಈ ಮೂರನ್ನು ನೆನಪಿಟ್ಟುಕೊಳ್ಳಿ. ಅಜ್ಜಿಯ ಮಂಡಿಯನ್ನೋ ಮಾವನ ಬೆನ್ನನ್ನೋ ನೋಡಲು ಹಾಸನಕ್ಕೋ ಮಂಗಳೂರಿಗೋ ಹೋಗಿ ಮಾಡಿಸುವ ಎಂಆರ್‌ಐ ಸ್ಕ್ಯಾನ್ ಇದೆಯಲ್ಲ, ಅದರ ಚಿತ್ರದೊಳಗೂ ಇದೇ ಮೂವರು ನುಸುಳುತ್ತಾರೆ. ಎಂಆರ್‌ಐ ಯಂತ್ರವನ್ನು ಎಲ್ಲರೂ ಒಂದು ಬಗೆಯ ಕ್ಯಾಮೆರಾ ಎಂದುಕೊಂಡಿರುತ್ತಾರೆ. ಅದರೊಳಗೆ ಬೆಳಕೂ ಇಲ್ಲ, ಎಕ್ಸ್‌ರೇಯೂ ಇಲ್ಲ. ಅದು ರೇಡಿಯೊ. ಅದು ಹಿಡಿಯುವ ನಿಲಯ ನಿಮ್ಮ ಮೈಯೊಳಗಿನ ನೀರು.

ನೀರು ಹೇಗೆ ರೇಡಿಯೊ ನಿಲಯವಾದೀತು? ನೀರಿನ ಪ್ರತಿ ಅಣುವಿನಲ್ಲೂ ಎರಡು ಹೈಡ್ರೋಜನ್ ಪರಮಾಣುಗಳಿವೆ. ಹೈಡ್ರೋಜನ್ನಿನ ನಡುವೆ ಇರುವುದು ಒಂದೇ ಒಂದು ಪ್ರೋಟಾನ್, ಮತ್ತು ಆ ಪ್ರೋಟಾನ್ ಒಂದು ಪುಟಾಣಿ ಅಯಸ್ಕಾಂತ. ಅದರ ನಡತೆ ತಿಳಿಯಲು ಒಂದು ದಿಕ್ಸೂಚಿ ಸಾಕು. ಶಾಲೆಯಿಂದ ಮಂಜರಾಬಾದ್ ಕೋಟೆಗೆ ಹೋದಾಗ ಜೇಬಿನಲ್ಲಿಟ್ಟುಕೊಂಡು ಹೋಗಿ. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಆ ಎಂಟು ಮೂಲೆಯ ಕೋಟೆಯಲ್ಲಿ ಯಾವ ಮೂಲೆ ಉತ್ತರಕ್ಕಿದೆ ಎಂದು ನೋಡಿದ ಹಾಗೂ ಆಗುತ್ತದೆ. ಮುಳ್ಳು ನಿಂತ ಮೇಲೆ ದಿಕ್ಸೂಚಿಯನ್ನು ಮೆಲ್ಲಗೆ ಅಲ್ಲಾಡಿಸಿ. ಮುಳ್ಳು ಅತ್ತಿತ್ತ ತೂಗಾಡಿ ಮತ್ತೆ ಉತ್ತರಕ್ಕೆ ಬಂದು ನಿಲ್ಲುತ್ತದೆ. ಈಗ ಪಕ್ಕದಲ್ಲಿ ಒಂದು ಅಯಸ್ಕಾಂತ ಇಟ್ಟು ಮತ್ತೆ ಅಲ್ಲಾಡಿಸಿ. ತೂಗಾಟ ಚುರುಕಾಯಿತು! ಸುತ್ತಲಿನ ಕಾಂತಬಲ ಹೆಚ್ಚಿದಷ್ಟೂ ಮುಳ್ಳಿಗೆ ಅವಸರ ಹೆಚ್ಚು. ಪ್ರೋಟಾನ್ ಕೂಡ ಹಾಗೆಯೇ, ಒಂದೇ ವ್ಯತ್ಯಾಸವೆಂದರೆ ಅದು ಅತ್ತಿತ್ತ ತೂಗುವ ಬದಲು ಕಾಂತಬಲದ ದಿಕ್ಕಿನ ಸುತ್ತ ಗಿರ್ರನೆ ಸುತ್ತುತ್ತದೆ.

ಎಷ್ಟು ವೇಗ? ನಮ್ಮ ಕಡೆ ಭೂಮಿಯ ಕಾಂತಬಲ ಸುಮಾರು 40 ಮೈಕ್ರೊಟೆಸ್ಲಾ. ಇಷ್ಟರಲ್ಲಿ, ಹೇಮಾವತಿಯ ನೀರಿನ ಪ್ರೋಟಾನೊಂದನ್ನು ಪಕ್ಕಕ್ಕೆ ವಾಲಿಸಿ ಬಿಟ್ಟರೆ ಅದು ಸೆಕೆಂಡಿಗೆ ಸುಮಾರು 1,700 ಸಲ ಸುತ್ತುತ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ ಎಂಆರ್‌ಐ ಯಂತ್ರದ ಕಾಂತಬಲ 1.5 ಟೆಸ್ಲಾ, ಅಂದರೆ ಭೂಮಿಯದಕ್ಕಿಂತ 35,000 ಪಟ್ಟಿಗೂ ಹೆಚ್ಚು. ಅದರೊಳಗೆ ಮಲಗಿದವರ ಮೈಯಲ್ಲಿರುವ ಪ್ರೋಟಾನ್ ಸೆಕೆಂಡಿಗೆ ಸುಮಾರು 6 ಕೋಟಿ 38 ಲಕ್ಷ ಸಲ ಸುತ್ತುತ್ತದೆ. ರೇಡಿಯೊ ಲೆಕ್ಕದಲ್ಲಿ ಹೇಳಿದರೆ ಸುಮಾರು 64 ಮೆಗಾಹರ್ಟ್ಸ್. ಇನ್ನೂ ಬಲವಾದ 3 ಟೆಸ್ಲಾ ಯಂತ್ರದಲ್ಲಿ ಸುಮಾರು 128 ಮೆಗಾಹರ್ಟ್ಸ್. ನಮ್ಮ ಎಫ್‌ಎಂ ಪಟ್ಟಿ 88ರಿಂದ 108ರವರೆಗೆ ಎಂಬುದು ನಿಮಗೆ ಗೊತ್ತು. ಎರಡು ಯಂತ್ರಗಳ ನಡುವೆ ಅದು ಸರಿಯಾಗಿ ಕೂತಿದೆ. ಯಾರಾದರೂ 2.4 ಟೆಸ್ಲಾದ ಯಂತ್ರ ತಂದು ಕೂರಿಸಿದರೆ ಅದರ ನೀರಿನ ನಿಲಯವೂ ಹಾಸನ ಆಕಾಶವಾಣಿಯೂ ಒಂದೇ ಜಾಗಕ್ಕೆ ಬರುತ್ತವೆ; ನೀವೇ ಗುಣಿಸಿ ನೋಡಿ, ಒಂದು ಟೆಸ್ಲಾಗೆ 42.58 ಮೆಗಾಹರ್ಟ್ಸ್.

ಯಂತ್ರ ಮಾಡುವ ಕೆಲಸ ಇಷ್ಟು. ಮೊದಲು ತಾನೇ 64 ಮೆಗಾಹರ್ಟ್ಸ್ ಅಲೆಯೊಂದನ್ನು ಕಳಿಸಿ ಪ್ರೋಟಾನ್‌ಗಳನ್ನು ಪಕ್ಕಕ್ಕೆ ವಾಲಿಸುತ್ತದೆ. ಆಮೇಲೆ ಕಳಿಸುವುದನ್ನು ನಿಲ್ಲಿಸಿ, ಅವು ಸುತ್ತುತ್ತಾ ಹೊರಡಿಸುವ ಅಲೆಯನ್ನು ಕೇಳುತ್ತದೆ. ಕೇಳುವ ಕಿವಿ ಎಂದರೆ ತಲೆಗೋ ಮಂಡಿಗೋ ಸುತ್ತ ಹಾಕುವ ಒಂದು ಸುರುಳಿ. ನೀರಿನಲ್ಲಿ ಈ ಉತ್ತರವನ್ನು ಮೊದಲು ಹಿಡಿದವರು ಅಮೆರಿಕದ ಫೆಲಿಕ್ಸ್ ಬ್ಲಾಕ್. ಅದೇ ಕಾಲಕ್ಕೆ ಎಡ್ವರ್ಡ್ ಪರ್ಸೆಲ್ ಮೇಣದಲ್ಲಿ ಹಿಡಿದರು. ಇಬ್ಬರೂ ಬೇರೆ ಬೇರೆ ಕಡೆ ಕೆಲಸ ಮಾಡಿ 1946ರಲ್ಲಿ ಪ್ರಕಟಿಸಿದರು, 1952ರಲ್ಲಿ ನೊಬೆಲ್ ಹಂಚಿಕೊಂಡರು.

ಆದರೆ ಉತ್ತರ ಬಹಳ ಕ್ಷೀಣ. ಪ್ರೋಟಾನ್‌ಗಳಲ್ಲಿ ಒಂದಿಷ್ಟು ಒಂದು ದಿಕ್ಕಿಗೆ ಮುಖ ಮಾಡಿದರೆ ಹೆಚ್ಚು ಕಡಿಮೆ ಅಷ್ಟೇ ಇನ್ನೊಂದು ದಿಕ್ಕಿಗೆ ಮುಖ ಮಾಡಿ ಒಂದರ ಸದ್ದನ್ನು ಇನ್ನೊಂದು ಅಳಿಸಿಬಿಡುತ್ತದೆ. ಲೆಕ್ಕಕ್ಕೆ ಉಳಿಯುವುದು 10 ಲಕ್ಷಕ್ಕೆ ಸುಮಾರು 5 ಮಾತ್ರ. ಒಂದು ಹನಿ ನೀರಿನಲ್ಲೇ ಒಂದರ ಮುಂದೆ 21 ಸೊನ್ನೆ ಇಟ್ಟಷ್ಟು ಅಣುಗಳಿರುವುದರಿಂದ ಆ ಐದೈದೇ ಸೇರಿ ಕೇಳಿಸುವಷ್ಟಾಗುತ್ತವೆ. ಇಷ್ಟು ಕ್ಷೀಣವಾದದ್ದನ್ನು ಕೇಳಲು ಕೂತ ರೇಡಿಯೊಗೆ ಸುತ್ತಲಿನ ಗದ್ದಲ ಎಷ್ಟು ದೊಡ್ಡದಾಗಿ ಕೇಳಿಸಬೇಡ!

ಮೊದಲು ಇನ್ನೊಬ್ಬರ ಮಾತನ್ನು ನೋಡೋಣ, ಏಕೆಂದರೆ ಇದು ಚಿತ್ರದಲ್ಲಿ ಬಿಡಿಸುವ ರೂಪ ಬಹಳ ಸೊಗಸಾದದ್ದು. ಅದಕ್ಕೂ ಮುಂಚೆ ಯಂತ್ರ ಜಾಗ ಗುರುತಿಸುವ ಬಗೆ ತಿಳಿಯಬೇಕು. ಮೈಯೆಲ್ಲ ಒಂದೇ ದನಿಯಲ್ಲಿ ಉತ್ತರ ಕೊಟ್ಟರೆ ಯಾವ ಉತ್ತರ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಅಮೆರಿಕದ ಪಾಲ್ ಲಾಟರ್‌ಬರ್ 1973ರಲ್ಲಿ ಇದಕ್ಕೊಂದು ಉಪಾಯ ಪ್ರಕಟಿಸಿದರು. ಕಾಂತಬಲವನ್ನು ಎಲ್ಲೆಡೆ ಸಮವಾಗಿಡುವ ಬದಲು ಎಡದಿಂದ ಬಲಕ್ಕೆ ಕೊಂಚ ಕೊಂಚ ಹೆಚ್ಚಿಸುತ್ತಾ ಹೋದರೆ? ಎಡಗಡೆಯ ನೀರು ಸ್ವಲ್ಪ ನಿಧಾನವಾಗಿ, ಬಲಗಡೆಯದು ಸ್ವಲ್ಪ ವೇಗವಾಗಿ ಸುತ್ತುತ್ತದೆ. ದನಿ ಕೇಳಿದರೆ ಜಾಗ ತಿಳಿಯಿತು. ಅವರು ತೆಗೆದ ಚಿತ್ರದಲ್ಲಿ ಇದ್ದದ್ದು ನೀರು ತುಂಬಿದ ಎರಡು ಸಣ್ಣ ನಳಿಕೆಗಳು, ಎರಡು ಮಬ್ಬು ಮಚ್ಚೆ. ಇಂದಿನ ಎಲ್ಲ ಎಂಆರ್‌ಐ ಚಿತ್ರಗಳ ಹಿರಿಯಣ್ಣ ಅದು.

ಈಗ ಯೋಚಿಸಿ. ಯಂತ್ರ ಕೇಳುತ್ತಿರುವ ಹೊತ್ತಿನಲ್ಲೇ ಹೊರಗಿನಿಂದ ಯಾವುದೋ ರೇಡಿಯೊ ಅಲೆ ಕೋಣೆಗೆ ಬಂತು ಎನ್ನೋಣ. ಅದಕ್ಕೂ ಒಂದು ದನಿ ಇದೆ. ಯಂತ್ರಕ್ಕೆ ಗೊತ್ತಿರುವುದು ಒಂದೇ ಪಾಠ: ಈ ದನಿ ಬಂದರೆ ಈ ಜಾಗ. ಹಾಗಾಗಿ ಅದು ಆ ಅಲೆಯನ್ನು ಪ್ರಾಮಾಣಿಕವಾಗಿ ಆ ಜಾಗದಲ್ಲೇ ಬರೆದಿಡುತ್ತದೆ. ಪ್ರತಿ ಸಲ ಕೇಳಿದಾಗಲೂ ಅಲ್ಲೇ ಬರೆಯುತ್ತದೆ. ಚಿತ್ರ ಬಂದಾಗ ಮಿದುಳನ್ನು ಸೀಳಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಪ್ಪು ಬಿಳುಪು ಚುಕ್ಕಿಗಳ ನೇರ ಗೆರೆ! ಸ್ಕ್ಯಾನ್ ಕೋಣೆಯವರು ಇದನ್ನು ಜಿಪ್ಪರ್ ಎನ್ನುತ್ತಾರೆ. ನೋಡಿದರೆ ಯಾಕೆಂದು ತಿಳಿಯುತ್ತದೆ, ಬ್ಯಾಗಿನ ಜಿಪ್ಪೇ ಅದು. ತಲೆಯೊಳಗೆ ಅಂಥ ಗೆರೆ ಯಾರಿಗೂ ಇರುವುದಿಲ್ಲ. ಹೊರಗಿನಿಂದ ಬಂದು ಅಲ್ಲಿ ಕೂತ ಹುಸಿಗುರುತು ಅದು.

ಹೊರಗಿನ ಅಲೆಯನ್ನು ತಡೆಯುವುದು ಹೇಗೆ? ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ರೈಲಿನಲ್ಲಿ ಹೋದವರಿಗೆ ಒಂದು ದಾರಿ ತಕ್ಷಣ ಹೊಳೆಯುತ್ತದೆ. ಆ ಘಾಟಿಯಲ್ಲಿ 57 ಸುರಂಗಗಳಿವೆ, ಒಳಗೆ ಹೊಕ್ಕ ಕೂಡಲೇ ಮೊಬೈಲಿನ ಸಿಗ್ನಲ್ ಹೋಗುತ್ತದೆ. ಬೆಟ್ಟದ ಬಂಡೆ ಅಲೆಯನ್ನು ನುಂಗುತ್ತದೆ. ಆಸ್ಪತ್ರೆಯ ಮೇಲೆ ಬೆಟ್ಟ ಹೊರಿಸಲು ಆಗುವುದಿಲ್ಲ, ಅದರ ಅಗತ್ಯವೂ ಇಲ್ಲ. 1836ರಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ 12 ಅಡಿ ಉದ್ದ, ಅಗಲ, ಎತ್ತರದ ಒಂದು ಚೌಕ ಗೂಡು ಕಟ್ಟಿಸಿ, ಅದರ ಮೈಗೆಲ್ಲ ಲೋಹದ ತಂತಿ ಮತ್ತು ಹಾಳೆ ಹೊದಿಸಿದರು. ಹೊರಗಿನಿಂದ ಗೂಡಿನ ಮೇಲೆ ಜೋರಾಗಿ ಕಿಡಿ ಹಾರಿಸುತ್ತಿರುವಾಗ ತಾವು ಒಳಗೆ ಹೋಗಿ ಕೂತು, ಕೈಲಿದ್ದ ಸೂಕ್ಷ್ಮ ಉಪಕರಣಗಳಿಂದ ಹುಡುಕಿದರು. ಒಳಗೆ ವಿದ್ಯುತ್ತಿನ ಸುಳಿವೇ ಇರಲಿಲ್ಲ. ಮೈ ತುಂಬ ಲೋಹ ಹೊದ್ದ ಕೋಣೆಯ ಒಳಗೆ ಹೊರಗಿನ ವಿದ್ಯುತ್ತಿನ ಆಟ ನಡೆಯುವುದಿಲ್ಲ. ರೇಡಿಯೊ ಅಲೆಗೂ ಅದೇ ಗತಿ. ಎಂಆರ್‌ಐ ಕೋಣೆಯ ನಾಲ್ಕು ಗೋಡೆ, ಸೂರು, ನೆಲ ಎಲ್ಲದರ ಒಳಗೂ ಸಾಮಾನ್ಯವಾಗಿ ತಾಮ್ರದ ತಗಡು ಇರುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಪಾಲು ದಪ್ಪವಿದ್ದರೂ 64 ಮೆಗಾಹರ್ಟ್ಸ್ ಅಲೆಗೆ ಅದನ್ನು ದಾಟಲಾಗದು. ಕಿಟಕಿಯ ಗಾಜಿನಲ್ಲೂ ಕಣ್ಣಿಗೆ ಕಾಣುವ ಸಣ್ಣ ಲೋಹದ ಬಲೆ ಇದೆ.

ಇದನ್ನು ಅಡುಗೆಮನೆಯಲ್ಲೇ ಮಾಡಿ ನೋಡಬಹುದು. ಸಣ್ಣ ರೇಡಿಯೊವನ್ನು ಹಾಕಿ, ಆಂಟೆನಾ ಮಡಚಿ, ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯಿಂದ ಎರಡು ಮೂರು ಸುತ್ತು ಬಿಗಿಯಾಗಿ ಮುಚ್ಚಿ. ನಿಲಯ ಮಾಯವಾಗುತ್ತದೆ. ಆಮೇಲೆ ಒಂದು ಕಡೆ ಉದ್ದಕ್ಕೆ ಸೀಳಿ. ಅಲೆ ಒಳಗೆ ಬರುವಷ್ಟು ಬಿರುಕಾದ ಕೂಡಲೇ ಮತ್ತೆ ಮಾತು. ಎಂಆರ್‌ಐ ಕೋಣೆಯ ಬಾಗಿಲಿನ ಅಂಚಿಗೆ ಸಾಲಾಗಿ ತಾಮ್ರದ ಮೃದುವಾದ ಬೆರಳುಗಳನ್ನು ಕೂರಿಸಿರುವುದು ಈ ಬಿರುಕು ಉಳಿಯದಿರಲಿ ಎಂದೇ. ಚಿತ್ರದಲ್ಲಿ ಜಿಪ್ಪರ್ ಕಂಡಾಗ ಅನುಭವಸ್ಥ ಟೆಕ್ನಿಷಿಯನ್ ಮೊದಲು ತಿರುಗಿ ನೋಡುವುದು ಬಾಗಿಲನ್ನು.

ಇನ್ನು ಟಕ್. ಕಿಡಿ ಹಾರುವುದಕ್ಕೆ ಎಂಆರ್‌ಐ ಕೋಣೆಯಲ್ಲಿ ಸೋಲಾರ್ ಬೇಲಿ ಬೇಕಾಗಿಲ್ಲ. ಯಂತ್ರ ನಡೆಯುವಾಗ ಗಡಗಡ ನಡುಗುತ್ತದೆ, ಎಲ್ಲೋ ಒಂದು ಸ್ಕ್ರೂ ಸಡಿಲವಾಗಿ ಲೋಹಕ್ಕೆ ಲೋಹ ತಾಗಿದರೆ ಕಿಡಿ. ಕೋಣೆಯ ಗಾಳಿ ತೀರಾ ಒಣಗಿದ್ದರೆ ಹೊದಿಕೆಯ ನೈಲಾನ್ ಉಜ್ಜಿಯೂ ಕಿಡಿ. ಸಂಕ್ರಾಂತಿಯ ಆಸುಪಾಸಿನ ಒಣ ಚಳಿಯಲ್ಲಿ ರಾತ್ರಿ ಸ್ವೆಟರ್ ತೆಗೆಯುವಾಗ ಚಟಪಟ ಎನ್ನುವುದನ್ನು ನೀವು ಕೇಳಿದ್ದೀರಿ, ಕತ್ತಲಲ್ಲಿ ಪುಟ್ಟ ನೀಲಿ ಬೆಳಕನ್ನೂ ನೋಡಿರಬಹುದು. ಆಷಾಢದ ಮಳೆಯಲ್ಲಿ ಅದೇ ಸ್ವೆಟರ್ ಸುಮ್ಮನಿರುತ್ತದೆ, ಏಕೆಂದರೆ ತೇವದ ಮೇಲ್ಮೈಯಲ್ಲಿ ವಿದ್ಯುತ್ತು ಕೂಡಿಕೊಳ್ಳದೆ ಹರಿದುಹೋಗುತ್ತದೆ. ಅದಕ್ಕೇ ಎಂಆರ್‌ಐ ಕೋಣೆಯಲ್ಲಿ ಗಾಳಿಯ ತೇವವನ್ನು ಅಳೆದು ಕಾಯುತ್ತಾರೆ.

ಕಿಡಿ ಹಾರಿದ್ದು ಕ್ಷಣಮಾತ್ರ. ಹಾಗಿದ್ದರೆ ಚಿತ್ರದಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಚುಕ್ಕಿಯಷ್ಟು ಹಾಳಾಗಬೇಕಿತ್ತು. ನಡೆಯುವುದು ಬೇರೆಯೇ. ಇಡೀ ಚಿತ್ರದ ಮೇಲೆ ಓರೆಯಾಗಿ ಗೆರೆ, ಗೆರೆ, ಗೆರೆ! ಒಂದು ಚಣದ ಕಿಡಿಗೆ ಚಿತ್ರದ ತುಂಬ ಪಟ್ಟೆ ಹೇಗೆ ಬಂತು? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು, ನನಗೆ ಇಡೀ ಎಂಆರ್‌ಐಯಲ್ಲಿ ಅತ್ಯಂತ ಇಷ್ಟವಾದ ಸಂಗತಿ ಇದೇ.

ಒಂದು ಬಿಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಅಡ್ಡಡ್ಡ ಅಗಲ ಪಟ್ಟೆ ತೀಡಿ, ಒಂದು ಕಪ್ಪು ಒಂದು ಬಿಳಿ. ಅದರ ಮೇಲೆಯೇ ಉದ್ದುದ್ದ ಪಟ್ಟೆ ತೀಡಿ. ಕಪ್ಪಿನ ಮೇಲೆ ಕಪ್ಪು ಬಿದ್ದಲ್ಲಿ ಗಾಢ, ಬಿಳಿಯ ಮೇಲೆ ಬಿಳಿ ಬಿದ್ದಲ್ಲಿ ಖಾಲಿ. ಬರೀ ಪಟ್ಟೆ ಹಾಕಿದರೂ ಚೌಕಗಳು ಬಂದವು. ಈಗ ಓರೆ ಪಟ್ಟೆ, ಸಣ್ಣ ಪಟ್ಟೆ, ಇನ್ನೂ ಸಣ್ಣ ಪಟ್ಟೆ, ಕೆಲವು ದಟ್ಟವಾಗಿ ಕೆಲವು ತೆಳುವಾಗಿ, ಹೀಗೆ ಸಾವಿರಾರು ಬಗೆಯವನ್ನು ಒಂದರ ಮೇಲೊಂದು ಕೂಡಿಸುತ್ತಾ ಹೋದರೆ ಯಾವ ಚಿತ್ರವನ್ನು ಬೇಕಾದರೂ ಮೂಡಿಸಬಹುದು, ನಿಮ್ಮ ಮುಖವನ್ನೂ ಕೂಡ. ಶಾಖ ಹೇಗೆ ಹರಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದ ಫ್ರಾನ್ಸಿನ ಜೋಸೆಫ್ ಫೂರಿಯೆ 1822ರ ತಮ್ಮ ಪುಸ್ತಕದಲ್ಲಿ ಈ ಗಣಿತ ಕೊಟ್ಟರು. ಅದನ್ನು ಎಂಆರ್‌ಐಗೆ ತಂದದ್ದು 1975ರ ಒಂದು ಪ್ರಬಂಧ. ಬರೆದವರು ಮೂವರು, ಅನಿಲ್ ಕುಮಾರ್, ಡೀಟರ್ ವೆಲ್ಟಿ, ರಿಚರ್ಡ್ ಅರ್ನ್ಸ್ಟ್. ಕೆಲಸ ನಡೆದದ್ದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ಕಿನಲ್ಲಿ. ಪ್ರಬಂಧದ ಮೊದಲ ಹೆಸರಿನ ಅನಿಲ್ ಕುಮಾರ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ದಶಕಗಳ ಕಾಲ ಪಾಠ ಮಾಡಿದರು, ಸಂಶೋಧನೆ ನಡೆಸಿದರು. ಅರ್ನ್ಸ್ಟ್ ಅವರಿಗೆ 1991ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇಂದು ಲೋಕದ ಯಾವ ಮೂಲೆಯಲ್ಲಿ ಎಂಆರ್‌ಐ ಚಿತ್ರ ತೆಗೆದರೂ ಅದರ ಹಿಂದೆ ಈ ಮೂವರ ಆಲೋಚನೆ ಇದೆ. ಬೆಂಗಳೂರಿನ ಶಾಲೆಗಳಲ್ಲಿ ಕೂಡ ಅನಿಲ್ ಕುಮಾರ್ ಹೆಸರು ಹೇಳಿಕೊಡುವುದು ಕಡಿಮೆ. ನೀವಾದರೂ ಬರೆದಿಟ್ಟುಕೊಳ್ಳಿ.

ಯಂತ್ರ ಅಳೆಯುವುದು ಚಿತ್ರದ ಚುಕ್ಕಿಗಳನ್ನಲ್ಲ, ಪಟ್ಟೆಗಳನ್ನು. 256 ಸಾಲು, 256 ಕಂಬದ ಚಿತ್ರ ಬೇಕಾದರೆ 65,536 ಅಂಕಿ ಕೂಡಿಡುತ್ತದೆ. ಪ್ರತಿ ಅಂಕಿಯೂ ಒಂದು ಬಗೆಯ ಪಟ್ಟೆ ಎಷ್ಟು ದಟ್ಟವಾಗಿರಬೇಕು ಎಂದು ಹೇಳುತ್ತದೆ. ಎಲ್ಲ ಮುಗಿದ ಮೇಲೆ ಕಂಪ್ಯೂಟರ್ ಅಷ್ಟೂ ಪಟ್ಟೆಗಳನ್ನು ಕೂಡಿಸಿ ಚಿತ್ರ ಬಿಡಿಸುತ್ತದೆ. ಒಂದು ಅಂಕಿ ಅಳೆಯುವ ಕ್ಷಣಕ್ಕೆ ಸರಿಯಾಗಿ ಕಿಡಿ ಹಾರಿತೋ, ಆ ಅಂಕಿ ಸುಮ್ಮಸುಮ್ಮನೆ ದೊಡ್ಡದಾಯಿತು. 65,535 ಅಂಕಿಗಳು ಸರಿಯಾಗಿದ್ದರೂ ಆ ಒಂದರ ಪಟ್ಟೆ ಇಡೀ ಚಿತ್ರವನ್ನು ಆವರಿಸುತ್ತದೆ. ಪಟ್ಟೆಯ ಓರೆ, ಅಗಲ ನೋಡಿ ಎಷ್ಟನೇ ಅಂಕಿ ಕೆಟ್ಟಿದೆ ಎಂದು ಹೇಳಬಹುದು. ಆ ಒಂದನ್ನು ತೆಗೆದು ಅಕ್ಕಪಕ್ಕದ ಅಂಕಿಗಳಿಂದ ಅಂದಾಜು ಮಾಡಿ ತುಂಬಿದರೆ ಪಟ್ಟೆ ಅಳಿದು ಚಿತ್ರ ಮರಳುತ್ತದೆ. ಸ್ಕ್ರೂ ಬಿಗಿ ಮಾಡುವುದನ್ನು ಮಾತ್ರ ಮರೆಯಬಾರದು.

ಮೂರನೆಯದು ಶ್. ಇದಕ್ಕೆ ಬಾಗಿಲು ಹಾಕಿ ಉಪಯೋಗವಿಲ್ಲ, ಸ್ಕ್ರೂ ಬಿಗಿದು ಉಪಯೋಗವಿಲ್ಲ. ಇದು ಬರುವುದು ಬಿಸಿಯಿಂದ. ಬೆಚ್ಚಗಿರುವ ಯಾವ ವಸ್ತುವಿನೊಳಗೂ ವಿದ್ಯುತ್ ಕಣಗಳು ಒಂದು ಕಡೆ ನಿಲ್ಲದೆ ಕುಣಿಯುತ್ತಿರುತ್ತವೆ. ಆ ಕುಣಿತವೇ ಸಣ್ಣ ವಿದ್ಯುತ್ ಗದ್ದಲ. ಅಮೆರಿಕದ ಜಾನ್ ಜಾನ್ಸನ್ ಇದನ್ನು ಅಳೆದರು, ಹ್ಯಾರಿ ನೈಕ್ವಿಸ್ಟ್ ಲೆಕ್ಕ ಬಿಡಿಸಿದರು, ಇಬ್ಬರ ಬರಹವೂ 1928ರಲ್ಲಿ ಬಂತು. ಎಂಆರ್‌ಐಯಲ್ಲಿ ಈ ಶ್ ಎಲ್ಲಕ್ಕಿಂತ ಹೆಚ್ಚಾಗಿ ಹುಟ್ಟುವುದು ಎಲ್ಲಿ ಗೊತ್ತೆ? ಮಲಗಿರುವವರ ಮೈಯಲ್ಲೇ. ನಮ್ಮ ಮೈ ಉಪ್ಪುನೀರು, 37 ಡಿಗ್ರಿ ಬೆಚ್ಚಗಿದೆ, ಉಪ್ಪಿನ ಕಣಗಳು ಕುಣಿಯುತ್ತಲೇ ಇರುತ್ತವೆ. ಉತ್ತರ ಹೇಳುವ ಮೈಯೇ ಗದ್ದಲವನ್ನೂ ಮಾಡುತ್ತದೆ. ಚಿತ್ರದಲ್ಲಿ ಇದು ಎಲ್ಲೆಡೆ ಸಣ್ಣ ಮರಳು ಎರಚಿದಂತೆ ಕಾಣುತ್ತದೆ.

ಹಾಗಾದರೆ ಏನು ಮಾಡುವುದು? ಮತ್ತೆ ಮತ್ತೆ ಕೇಳುವುದು. ಇದನ್ನು ತರಗತಿಯಲ್ಲಿ ಪ್ರಯೋಗ ಮಾಡಿ. ಮೆಣಸಿನ ಬಳ್ಳಿ ಹಬ್ಬಿದ ಒಂದು ಸಿಲ್ವರ್ ಓಕ್ ಮರ ಆರಿಸಿಕೊಳ್ಳಿ. ಒಬ್ಬರಿಗೊಬ್ಬರು ಹೇಳದೆ ಅದರ ಎತ್ತರ ಊಹಿಸಿ ಚೀಟಿಯಲ್ಲಿ ಬರೆಯಿರಿ. ಒಬ್ಬರು ಹೆಚ್ಚು ಬರೆದಿರುತ್ತಾರೆ, ಒಬ್ಬರು ಕಡಿಮೆ. ನಾಲ್ಕು ಚೀಟಿಯ ಸರಾಸರಿ ತೆಗೆಯಿರಿ, ಆಮೇಲೆ ಹದಿನಾರರದು. ಒಂದು ಮೀಟರಿನ ಕೋಲು ನೆಟ್ಟು ಕೋಲಿನ ನೆರಳು, ಮರದ ನೆರಳು ಅಳೆದು ನಿಜವಾದ ಎತ್ತರವನ್ನೂ ಕಂಡುಹಿಡಿಯಿರಿ. ಹೆಚ್ಚೂ ಕಡಿಮೆಯೂ ಒಂದನ್ನೊಂದು ಅಳಿಸಿ ಸರಾಸರಿ ಸಾಮಾನ್ಯವಾಗಿ ನಿಜಕ್ಕೆ ಹತ್ತಿರ ಬರುತ್ತದೆ. ಎಲ್ಲರೂ ಒಂದೇ ಕಡೆಗೆ ತಪ್ಪಿದರೆ, ಉದಾಹರಣೆಗೆ ಎಲ್ಲರೂ ಮರದ ಬುಡ ಕಾಣದ ಇಳಿಜಾರಿನಲ್ಲಿ ನಿಂತು ಊಹಿಸಿದರೆ, ಎಷ್ಟು ಚೀಟಿ ಕೂಡಿಸಿದರೂ ತಪ್ಪು ಹೋಗುವುದಿಲ್ಲ. ಶ್ ಎಂಬುದು ಮೊದಲನೆಯ ಬಗೆಯ ತಪ್ಪು, ಒಮ್ಮೆ ಮೇಲೆ ಒಮ್ಮೆ ಕೆಳಗೆ. ನಾಲ್ಕು ಸಲ ಕೇಳಿ ಸರಾಸರಿ ತೆಗೆದರೆ ಅರ್ಧಕ್ಕಿಳಿಯುತ್ತದೆ, ಹದಿನಾರು ಸಲ ಕೇಳಿದರೆ ಕಾಲು ಭಾಗಕ್ಕೆ. ಐದು ನಿಮಿಷದ ಸ್ಕ್ಯಾನನ್ನು ಎರಡು ಪಟ್ಟು ಸ್ವಚ್ಛ ಮಾಡಲು ಇಪ್ಪತ್ತು ನಿಮಿಷ ಬೇಕು ಎಂದಾಯಿತು. ಎಂಆರ್‌ಐ ಇಷ್ಟು ನಿಧಾನ ಯಾಕೆ ಎಂದು ಬೇಸರಪಡುವವರಿಗೆ ಈ ಲೆಕ್ಕ ಹೇಳಿ.

ಇಪ್ಪತ್ತು ನಿಮಿಷ ಅಲ್ಲಾಡದೆ ಮಲಗುವುದು ಸುಲಭವಲ್ಲ. ಅದೂ ಆ ಸದ್ದಿನಲ್ಲಿ! ಒಳಗೆ ಮಲಗಿದವರಿಗೆ ಕೇಳುವ ಢಬ ಢಬ, ಗುಂಯ್ ಎಲ್ಲ ಬರುವುದು ಜಾಗ ಗುರುತಿಸಲು ಕಾಂತಬಲವನ್ನು ಏರಿಳಿಸುವ ಸುರುಳಿಗಳಿಂದ. ಬಲವಾದ ಅಯಸ್ಕಾಂತದೊಳಗೆ ಇರುವ ತಂತಿಯಲ್ಲಿ ಕರೆಂಟು ಹರಿದು ನಿಂತು ಹರಿದರೆ ತಂತಿ ಒದ್ದಾಡುತ್ತದೆ. ಸದ್ದು 100 ಡೆಸಿಬೆಲ್ ದಾಟುವುದೂ ಉಂಟು, ಅದಕ್ಕೇ ಕಿವಿಗೆ ಬಿರಡೆಯೋ ಹೆಡ್‌ಫೋನೋ ಕೊಡುತ್ತಾರೆ. ನೋವು ಏನೂ ಇಲ್ಲ. ನೀವೇ ಮಲಗಬೇಕಾಗಿ ಬಂದರೆ ಹೆದರಬೇಡಿ, ಕೈಗೆ ಒಂದು ಗುಂಡಿ ಕೊಟ್ಟಿರುತ್ತಾರೆ, ಒತ್ತಿದರೆ ಹೊರಗಿನವರು ಮಾತಾಡುತ್ತಾರೆ. ಕೂದಲ ಪಿನ್ನು, ಬಳೆ, ಬೆಲ್ಟು, ನಾಣ್ಯ ಎಲ್ಲ ಹೊರಗೇ ಬಿಡಬೇಕು. ಆ ಅಯಸ್ಕಾಂತ ಯಾವಾಗಲೂ ಎಚ್ಚರವಾಗಿರುತ್ತದೆ, ಕಬ್ಬಿಣ ಕಂಡರೆ ಜೋರಾಗಿ ಎಳೆಯುತ್ತದೆ. ಎಳೆಯದ ಲೋಹವೂ ಸುತ್ತಲಿನ ಕಾಂತಬಲವನ್ನು ಕೆಡಿಸಿ ಚಿತ್ರದಲ್ಲಿ ಕಪ್ಪು ಗುಳಿ ಮಾಡುತ್ತದೆ.

ಅಲ್ಲಾಡಿದರೆ ಏನಾಗುತ್ತದೆ? ಪಟ್ಟೆಗಳನ್ನು ಒಂದೊಂದಾಗಿ ಅಳೆಯುತ್ತಿರುವಾಗ ಮೈ ಜರುಗಿದರೆ, ಮೊದಲ ಪಟ್ಟೆಗಳು ಒಂದು ಮೈಯವು, ಉಳಿದವು ಇನ್ನೊಂದು ಮೈಯವು. ಕೂಡಿಸಿದಾಗ ಅಂಚು ಎರಡೆರಡು, ಮೂರು ಮೂರು. ಉಸಿರಾಟದಂತೆ ಲಯಬದ್ಧವಾಗಿ ಜರುಗಿದರೆ ಹೊಟ್ಟೆಯ ಗೆರೆ ಸಮ ಅಂತರದಲ್ಲಿ ಮಂಕಾಗಿ ಮತ್ತೆ ಮತ್ತೆ ಕಾಣುತ್ತದೆ. ಸ್ಕ್ಯಾನ್ ಮಾಡುವವರು ಇದಕ್ಕೆ ಘೋಸ್ಟ್ ಎಂದೇ ಹೆಸರಿಟ್ಟಿದ್ದಾರೆ. ಉಸಿರು ಹಿಡಿಯಿರಿ ಎಂದು ಹೇಳುವುದು ಈ ದೆವ್ವಗಳನ್ನು ಓಡಿಸಲು.

ಈಚೆಗೆ ಗದ್ದಲ ಒರೆಸಲು ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿವೆ. ಐದು ನಿಮಿಷದ ಮರಳುಮರಳು ಚಿತ್ರವನ್ನು ನುಣುಪು ಮಾಡಿ ಕೊಡುತ್ತವೆ. ಮಕ್ಕಳಿಗೂ ವಯಸ್ಸಾದವರಿಗೂ ಇದು ನಿಜವಾದ ಉಪಕಾರ. ಆದರೂ ನುಣುಪಾದದ್ದೆಲ್ಲ ನಿಜ ಎಂದು ನಾನು ಒಪ್ಪುವುದಿಲ್ಲ. ಮರಳಿನ ಜೊತೆಗೆ ನಿಜವಾದ ಒಂದು ಸಣ್ಣ ಚುಕ್ಕಿಯೂ ಒರೆಸಿಹೋಗಬಹುದು. ಆ ಚುಕ್ಕಿಯನ್ನು ಹುಡುಕಲೆಂದೇ ಅಜ್ಜಿ ಅಷ್ಟು ದೂರ ಬಂದಿರಬಹುದು. ಯಾವುದು ಮೈಯದು, ಯಾವುದು ಬಾಗಿಲಿನದು, ಯಾವುದು ಕಿಡಿಯದು ಎಂದು ಬಿಡಿಸಿ ಹೇಳಬಲ್ಲ ಕಣ್ಣು ಹತ್ತಿರದಲ್ಲಿ ಇರಲೇಬೇಕು.

ಹುಸಿಗುರುತು ಎಂದು ಬೈಸಿಕೊಂಡದ್ದು ಮುಂದೆ ಬಹಳ ಉಪಯೋಗಕ್ಕೆ ಬಂದ ಒಂದು ಕಥೆ ನಮ್ಮ ಬೆಂಗಳೂರಿನದೇ ಇದೆ. 1951ರಲ್ಲಿ, ಎಂಆರ್‌ಐ ಎಂಬ ಯಂತ್ರ ಯಾರ ಕನಸಿನಲ್ಲೂ ಇಲ್ಲದಾಗ, ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅಯಸ್ಕಾಂತದ ನಡುವೆ ಒಂದು ಕೊಳವೆ ಇಟ್ಟು ಅದರಲ್ಲಿ ನೀರು ಹರಿಸಿ ನೋಡಿದರು. ನಿಂತ ನೀರಿಗಿಂತ ಹರಿಯುವ ನೀರು ಜೋರಾಗಿ ಉತ್ತರ ಕೊಟ್ಟಿತು. ಕಾರಣ ಸರಳ. ಮತ್ತೆ ಮತ್ತೆ ರೇಡಿಯೊ ಅಲೆ ಹೊಡೆದರೆ ಪ್ರೋಟಾನ್‌ಗಳಿಗೆ ಚೇತರಿಸಿಕೊಳ್ಳಲು ಸಮಯ ಸಾಲದು, ಉತ್ತರ ಕುಂದುತ್ತದೆ. ನೀರು ಹರಿಯುತ್ತಿದ್ದರೆ ದಣಿದವು ಮುಂದೆ ಹೋಗಿ ದಣಿಯದವು ಒಳಗೆ ಬರುತ್ತವೆ. ಅವರ ಬರಹ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದೇ ವರ್ಷ ಅಚ್ಚಾಯಿತು.

ಎಂಆರ್‌ಐ ಬಂದ ಮೇಲೆ ಇದೇ ಸಂಗತಿ ವೈದ್ಯರನ್ನು ಕಾಡತೊಡಗಿತು. ರಕ್ತ ಹರಿಯುವ ನಾಳ ಕೆಲವು ಚಿತ್ರಗಳಲ್ಲಿ ಬೇಡದಿದ್ದರೂ ಬೆಳ್ಳಗೆ ಹೊಳೆಯುತ್ತಿತ್ತು, ನಾಡಿ ಮಿಡಿದ ಹಾಗೆ ಅದರ ದೆವ್ವಗಳು ಚಿತ್ರದುದ್ದಕ್ಕೂ ಸಾಲುಗಟ್ಟುತ್ತಿದ್ದವು. ಕೆಲವರು ಆ ಹೊಳಪನ್ನು ಅಳಿಸುವ ಬದಲು ಬೇಕೆಂದೇ ಹೆಚ್ಚಿಸಿ ನೋಡಿದರು. ನಿಂತಿರುವ ಮಾಂಸವನ್ನು ಅಲೆಗಳಿಂದ ಹೊಡೆದು ಹೊಡೆದು ದಣಿಸಿ ಕಪ್ಪು ಮಾಡುವುದು, ಹೊಸದಾಗಿ ನುಗ್ಗಿ ಬರುವ ರಕ್ತ ಮಾತ್ರ ಹೊಳೆಯಲು ಬಿಡುವುದು. ಇಂದು ಮಿದುಳಿನ ರಕ್ತನಾಳ ಕಟ್ಟಿದೆಯೆ, ಉಬ್ಬಿದೆಯೆ ಎಂದು ನೋಡಲು ಈ ವಿಧಾನವನ್ನು ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ನಾಳಗಳು ಕೊಂಬೆ ಕೊಂಬೆಯಾಗಿ ಕಾಣುತ್ತವೆ, ಒಂದು ಹನಿ ಔಷಧವನ್ನೂ ಚುಚ್ಚದೆ.